ಮಗು ಆಯ್ಕೆಯಾದ ದಿನ ನಾವು ಏನು ಹೇಳಬೇಕು?



ಎನ್‌ಎಂಎಂಎಸ್ ಫಲಿತಾಂಶ ಬಂದ ಮರುದಿನ ಆಲಸನತ್ತಂನ ಒಬ್ಬ ತಂದೆ ರಾತ್ರಿ ಶಿಫ್ಟ್ ಮುಗಿಸಿ, ಮನೆಗೂ ಹೋಗದೆ ನೇರ ಶಾಲೆಗೆ ಬಂದರು. ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣ. "ನಮ್ಮನೇಲಿ ಹತ್ತನೇ ಕ್ಲಾಸ್ ದಾಟಿದೋರೇ ಇಲ್ಲ ಸಾರ್. ನಮ್ ಹುಡ್ಗಿ ಪಾಸಾಗವ್ಳೆ!" ಅಂದರು. ನಾನೂ ಖುಷಿಯಲ್ಲಿ, "ನಿಮ್ಮ ಮಗಳು ಹುಟ್ಟಾ ಬುದ್ಧಿವಂತೆ ಬಿಡಿ" ಅಂದೆ. ಬೆಳಗಿನ ಪ್ರಾರ್ಥನೆಯಲ್ಲೂ ಎಲ್ಲರ ಮುಂದೆ ಅದನ್ನೇ ಹೇಳಿದೆ.

ಮುಂದಿನ ವರ್ಷ ವಿಜ್ಞಾನ ರಸಪ್ರಶ್ನೆಗೆ ಹೆಸರು ಕೊಡಮ್ಮಾ ಅಂದರೆ ಆ ಹುಡುಗಿ ಹಿಂದೆ ಸರಿದಳು. "ತಪ್ಪಾದ್ರೆ ಎಲ್ರೂ ನಗ್ತಾರೆ ಸಾರ್." ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದವಳು ಅವಳೇ. ನನ್ನ ಮಾತೇ ಕಾರಣ ಅಂತ ಖಚಿತವಾಗಿ ಹೇಳಲಾರೆ. ಆದರೆ ಆ ಮಾತನ್ನು ಪರೀಕ್ಷಿಸಿ ನೋಡುವುದು ವಿಜ್ಞಾನ ಶಿಕ್ಷಕರಾದ ನಮ್ಮ ಕೆಲಸ.

ಒಂದು ಪ್ರಯೋಗ

1998ರಲ್ಲಿ ಅಮೆರಿಕದ ಕ್ಲಾಡಿಯಾ ಮ್ಯುಲ್ಲರ್ ಮತ್ತು ಕೆರೋಲ್ ಡ್ವೆಕ್ ಒಂದು ಅಧ್ಯಯನ ಪ್ರಕಟಿಸಿದರು. ಐದನೇ ತರಗತಿಯ ಮಕ್ಕಳಿಗೆ ಚಿತ್ರದ ಒಗಟುಗಳನ್ನು ಕೊಟ್ಟು, ಎಲ್ಲರಿಗೂ "ಚೆನ್ನಾಗಿ ಮಾಡಿದೆ" ಅಂದರು. ಜೊತೆಗೆ ಕೆಲವರಿಗೆ "ನೀನು ಬುದ್ಧಿವಂತ ಇರಬೇಕು" ಅಂದರು, ಇನ್ನು ಕೆಲವರಿಗೆ "ಚೆನ್ನಾಗಿ ಕಷ್ಟಪಟ್ಟಿದ್ದೀಯ" ಅಂದರು. ವ್ಯತ್ಯಾಸ ಆ ಒಂದೇ ವಾಕ್ಯ.

ಮುಂದೆ ಯಾವ ಬಗೆಯ ಲೆಕ್ಕ ಬೇಕು ಅಂತ ಕೇಳಿದಾಗ, ಬುದ್ಧಿಯ ಹೊಗಳಿಕೆ ಪಡೆದವರಲ್ಲಿ ಸುಮಾರು ಮೂರನೇ ಎರಡು ಭಾಗ ತಮ್ಮ ಜಾಣತನ ಕಾಣುವಂಥ ಲೆಕ್ಕ ಆರಿಸಿದರು. ಶ್ರಮದ ಹೊಗಳಿಕೆ ಪಡೆದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಹೊಸದು ಕಲಿಯುವಂಥದ್ದನ್ನು ಕೇಳಿದರು. ಆಮೇಲೆ ಬೇಕೆಂದೇ ತೀರಾ ಕಷ್ಟದ ಒಗಟು ಕೊಟ್ಟು ಸೋಲಿಸಿ, ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟರು. ಮೊದಲ ಗುಂಪಿನ ಅಂಕ ಇಳಿಯಿತು, ಎರಡನೆಯದರ ಅಂಕ ಏರಿತು.

ಕಾರಣ ಊಹಿಸಬಹುದು. ಗೆದ್ದರೆ ಬುದ್ಧಿವಂತ ಅನ್ನುವುದಾದರೆ, ಸೋತಾಗ ಮಗು "ನಾನು ದಡ್ಡ" ಅಂದುಕೊಳ್ಳುತ್ತದೆ. ಈ ವಿಷಯದ ಮೇಲಿನ ನಂತರದ ದೊಡ್ಡ ಅಧ್ಯಯನಗಳಲ್ಲಿ ಪರಿಣಾಮ ಇಷ್ಟು ದೊಡ್ಡದಾಗಿ ಕಂಡಿಲ್ಲ ಅನ್ನೋದೂ ನಿಜ. ಮಾತು ಮಂತ್ರವಲ್ಲ. ಆದರೆ ಮಾತು ಬದಲಿಸಲು ಖರ್ಚೇನೂ ಇಲ್ಲವಲ್ಲ!

ಆಯ್ಕೆ ಆದಮೇಲೂ ದಾರಿ ಇದೆ

ಎಂಟನೇ ತರಗತಿಯ ಈ ಪರೀಕ್ಷೆಯಲ್ಲಿ ಎರಡು ಪತ್ರಿಕೆ: ಮಾನಸಿಕ ಸಾಮರ್ಥ್ಯ ಮತ್ತು ಪಠ್ಯ ವಿಷಯ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಆದರೆ ಹನ್ನೊಂದರಲ್ಲೂ ಹಣ ಮುಂದುವರಿಯಲು ಹತ್ತನೇ ತರಗತಿಯಲ್ಲಿ ಶೇ. 60 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 55. ಹೀಗಾಗಿ ತಪ್ಪಿಗೆ ಹೆದರಿ ಸುಮ್ಮನೆ ಕೂರುವ ಮಗುವಿಗೆ ನಷ್ಟ ಆಗುವುದು ಆಯ್ಕೆ ಆದಮೇಲೆ.

ತರಗತಿಯಲ್ಲಿ ಮಾಡಿ ನೋಡಿ

ಕಪ್ಪುಹಲಗೆಯ ಮೇಲೆ ಬರೆಯಿರಿ: 2, 6, 12, 20, 30, ?

"ಉತ್ತರ ಏನು?" ಅನ್ನಬೇಡಿ, "ಹೇಗೆ ಹುಡುಕಿದೆ?" ಅನ್ನಿ. ಒಬ್ಬರು ವ್ಯತ್ಯಾಸ ನೋಡುತ್ತಾರೆ: 4, 6, 8, 10, ಮುಂದೆ 12. ಇನ್ನೊಬ್ಬರು 1×2, 2×3, 3×4 ಅಂತ ಕಾಣುತ್ತಾರೆ. ಎರಡೂ 42ಕ್ಕೇ ಬರುತ್ತವೆ. 40 ಅಂದ ಮಗುವನ್ನೂ ಕರೆಯಿರಿ. ಕೊನೆಯ ವ್ಯತ್ಯಾಸ 10ನ್ನೇ ಮತ್ತೆ ಕೂಡಿಸಿರಬಹುದು. ಎಲ್ಲಿ ದಾರಿ ತಪ್ಪಿತು ಅಂತ ಮಗುವೇ ಹೇಳಲಿ. ಹೊಗಳುವುದಾದರೆ ಆ ಹುಡುಕಾಟವನ್ನು ಹೊಗಳಿ.

ಹೆತ್ತವರ ಸಭೆಯಲ್ಲಿ

ಅಪ್ಪ ಅಮ್ಮನ ಹೆಮ್ಮೆಗೆ ತಣ್ಣೀರೆರಚಬೇಡಿ, ಅದು ಅವರು ದುಡಿದು ಪಡೆದ ಹೆಮ್ಮೆ. ಮನೆಯಲ್ಲಿ ಹೀಗೆ ಕೇಳಿ ಅಂತ ಹೇಳಿಕೊಡಿ: "ಇವತ್ತು ಏನು ಕಷ್ಟ ಆಯ್ತು ಮಗಾ? ಏನು ಮಾಡ್ದೆ?" ಓದು ಬಾರದ ತಾಯಿಯೂ ಇದನ್ನು ಕೇಳಬಹುದು.

ಆಯ್ಕೆಯಾಗದವರನ್ನೂ ಮರೆಯಬೇಡಿ. 1921ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಬುದ್ಧಿಶಕ್ತಿ ಪರೀಕ್ಷೆ ನಡೆಸಿ ಪ್ರತಿಭಾವಂತ ಮಕ್ಕಳನ್ನು ಆರಿಸಲು ಶುರು ಮಾಡಿದರು. ಅಲ್ಲಿ ಆಯ್ಕೆಯಾಗದ ಇಬ್ಬರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್, ಮುಂದೆ 1956 ಮತ್ತು 1968ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದರು. ಪರೀಕ್ಷೆ ಒಂದು ದಿನದ ಅಳತೆ ಮಾತ್ರ.

ಆ ತಂದೆ ಮತ್ತೆ ಪೊಟ್ಟಣ ಹಿಡಿದು ಬಂದರೆ ನಾನು ಹೇಳುವುದು ಇಷ್ಟು: "ಸಂಜೆ ಕ್ಲಾಸ್ ಒಂದು ದಿನಾನೂ ತಪ್ಪಿಸಲಿಲ್ಲ ನಿಮ್ಮ ಮಗಳು. ತಪ್ಪಾದ ಲೆಕ್ಕಾನೆಲ್ಲ ಮತ್ತೆ ಮಾಡಿದ್ಲು. ಅದಕ್ಕೇ ಸಿಕ್ಕಿದೆ ಇದು." ಅವರ ಹೆಮ್ಮೆ ಒಂದಿಷ್ಟೂ ಕಡಿಮೆ ಆಗಲಾರದು. ನೀವೂ ಹೇಳಿ ನೋಡಿ.