ಹಾಲಿನ ಲಾರಿಯ ಥರ್ಮೋಸ್ಟಾಟ್: ಕಿತ್ತೆಸೆಯಬೇಡಿ, ಸರಿಯಾದುದನ್ನು ಆರಿಸಿ



ಕೆಚ್ಚಲಿನಿಂದ ಆಗತಾನೆ ಕರೆದ ಹಾಲು ಸುಮಾರು 37 ಡಿಗ್ರಿ ಸೆಂಟಿಗ್ರೇಡ್ ಬೆಚ್ಚಗಿರುತ್ತದೆ. ಅದನ್ನು 4 ಡಿಗ್ರಿಗೆ ತಣಿಸುವವರೆಗೆ ಅದರಲ್ಲಿರುವ ಸೂಕ್ಷ್ಮಾಣುಗಳು ಬೆಳೆಯುತ್ತಲೇ ಇರುತ್ತವೆ. ಈಗ ಅನೇಕ ಸಂಘಗಳಲ್ಲಿ ಸಾಂದ್ರ ಶೀತಲೀಕರಣ ಘಟಕಗಳು ಬಂದಿವೆಯಾದರೂ, 40 ಲೀಟರಿನ ಕ್ಯಾನುಗಳಲ್ಲಿ ಹಾಲು ತುಂಬಿ ಶೀತಲ ಕೇಂದ್ರಕ್ಕೆ ಒಯ್ಯುವ ಮಾರ್ಗಗಳೂ ಇವೆ. ಅಂತಹ ಮಾರ್ಗದ ಲಾರಿ ಎಂಜಿನ್ ಬಿಸಿಯಾಗಿ ದಾರಿಯಲ್ಲಿ ನಿಂತರೆ, ನೀವು ಕೊಟ್ಟಿಗೆಯಲ್ಲಿ ಎಷ್ಟೇ ಶುಚಿತ್ವ ಕಾಪಾಡಿದ್ದರೂ ಹಾಲು ಕುದಿಸುವ ಪರೀಕ್ಷೆಯಲ್ಲಿ ಒಡೆದು ಹಿಂದಿರುಗುವ ಸಂಭವವಿದೆ. ನಷ್ಟ ಲಾರಿಯವರಿಗೆ ಮಾತ್ರವಲ್ಲ, ಆ ಮಾರ್ಗದ ಎಲ್ಲ ಉತ್ಪಾದಕರಿಗೂ ಆಗುತ್ತದೆ.

ಆದ್ದರಿಂದ ಹಾಲಿನ ಮಾರ್ಗಕ್ಕೆ ಲಾರಿ ಬಿಟ್ಟಿರುವ ಸದಸ್ಯರೂ, ಮೇವು ಮತ್ತು ಹಿಂಡಿ ಸಾಗಿಸಲು ಹಳೆಯ ಡೀಸೆಲ್ ವಾಹನ ಇಟ್ಟುಕೊಂಡಿರುವವರೂ ಒಂದು ಸಣ್ಣ ಭಾಗದ ಬಗ್ಗೆ ತಿಳಿದಿರುವುದು ಒಳ್ಳೆಯದು. ಅದೇ ಥರ್ಮೋಸ್ಟಾಟ್.

ಥರ್ಮೋಸ್ಟಾಟ್ ಮಾಡುವ ಕೆಲಸವೇನು?

ಎಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವ ದಾರಿಯಲ್ಲಿ ಥರ್ಮೋಸ್ಟಾಟ್ ಒಂದು ಬಾಗಿಲಿನಂತೆ ಕೂತಿರುತ್ತದೆ. ಅದರ ಹಿತ್ತಾಳೆಯ ಗುಂಡಿನೊಳಗೆ ಮೇಣ ತುಂಬಿರುತ್ತದೆ. ಎಂಜಿನ್ ತಣ್ಣಗಿರುವಾಗ ಬಾಗಿಲು ಮುಚ್ಚಿದ್ದು, ನೀರು ರೇಡಿಯೇಟರಿಗೆ ಹೋಗದೆ ಬೈಪಾಸ್ ದಾರಿಯ ಮೂಲಕ ಎಂಜಿನ್ನಿನಲ್ಲೇ ಸುತ್ತುತ್ತದೆ. ನಿಗದಿತ ಉಷ್ಣತೆ ಬಂದಾಗ ಮೇಣ ಕರಗಿ ಹಿಗ್ಗಿ, ಸ್ಪ್ರಿಂಗನ್ನು ಒತ್ತಿ ಬಾಗಿಲು ತೆರೆಯುತ್ತದೆ. ಅಲ್ಲಿಂದ ಮುಂದೆ ಸುಮಾರು 10ರಿಂದ 15 ಡಿಗ್ರಿ ಏರುವ ಹೊತ್ತಿಗೆ ಬಾಗಿಲು ಪೂರ್ತಿ ತೆರೆದಿರುತ್ತದೆ.

“ನಮ್ಮದು ಬಿಸಿಲಿನ ನಾಡು, ಇಲ್ಲಿಗೆ ಥರ್ಮೋಸ್ಟಾಟ್ ಬೇಡ” ಎಂದು ಅದನ್ನು ಕಿತ್ತು ಬಿಸಾಡುವ ರೂಢಿ ಅನೇಕ ಗ್ಯಾರೇಜುಗಳಲ್ಲಿದೆ. ಇದು ತಪ್ಪು ತಿಳುವಳಿಕೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಒತ್ತಿದ ಗಾಳಿಯ ಬಿಸಿಗೇ ಎಣ್ಣೆ ಹತ್ತಿ ಉರಿಯಬೇಕು. ಸಿಲಿಂಡರ್ ತಣ್ಣಗಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಬಿಳಿ ಹೊಗೆಯಾಗಿ ಹೋಗುತ್ತದೆ. ಉಳಿದದ್ದು ಗೋಡೆಯ ಮೇಲಿನ ಎಂಜಿನ್ ಆಯಿಲನ್ನು ತೊಳೆದು ಕೆಳಗಿಳಿಯುತ್ತದೆ. ಆಯಿಲ್ ತೆಳುವಾಗಿ ಪಿಸ್ಟನ್ ರಿಂಗುಗಳು ಸವೆಯುತ್ತವೆ, ಡೀಸೆಲ್ ಖರ್ಚೂ ಹೆಚ್ಚುತ್ತದೆ. ಹಾಲಿನ ಲಾರಿ ಬೆಳಗಿನ ತಂಪಿನಲ್ಲಿ ಹೊರಟು, ಊರೂರಿಗೂ ನಿಂತು ಹೋಗುವ ವಾಹನವಾದ್ದರಿಂದ ಈ ಹಾನಿ ಅದಕ್ಕೆ ಇನ್ನೂ ಹೆಚ್ಚು.

ಇನ್ನೊಂದು ವಿಷಯ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಅದರ ಕೆಳಗಿನ ಸಣ್ಣ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂತಹದನ್ನು ಕಿತ್ತುಹಾಕಿದರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ತಂಪಾಗಲೆಂದು ಕಿತ್ತ ಲಾರಿಯೇ ಏರಿನಲ್ಲಿ ಹೊರೆ ಹೊತ್ತಾಗ ಬಿಸಿಯಾಗುತ್ತದೆ.

ಕೆಟ್ಟಿರುವುದು ಅದೇ ಹೌದೇ?

ಹೊಸದನ್ನು ಕೊಳ್ಳುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ಲಾರಿ ಹೊರಟ ಸ್ವಲ್ಪ ಹೊತ್ತಿಗೇ ಮುಳ್ಳು ಕೆಂಪಿಗೆ ಏರಿ, ಎಂಜಿನ್ ಬಳಿ ಮೇಲಿನ ಹೋಸ್ ಸುಡುವಂತಿದ್ದು ರೇಡಿಯೇಟರಿನ ಕೆಳಭಾಗ ತಣ್ಣಗಿದ್ದರೆ, ಥರ್ಮೋಸ್ಟಾಟ್ ಮುಚ್ಚಿ ಸಿಕ್ಕಿಕೊಂಡಿರಬಹುದು. ಹತ್ತು ಕಿಲೋಮೀಟರ್ ಓಡಿದರೂ ಮುಳ್ಳು ಮೇಲೇಳದಿದ್ದರೆ ಅದು ತೆರೆದೇ ನಿಂತಿರಬಹುದು, ಅಥವಾ ಹಿಂದೆ ಯಾರೋ ಕಿತ್ತಿರಬಹುದು.

ಫ್ಯಾನ್ ಬೆಲ್ಟ್ ಸಡಿಲವಾಗಿರುವುದು, ನೀರು ಸೋರುವುದು, ರೇಡಿಯೇಟರಿನ ರೆಕ್ಕೆಗಳಲ್ಲಿ ಹೊಟ್ಟು ಧೂಳು ತುಂಬಿರುವುದು, ಒಳಗೆ ಕಿಟ್ಟ ಕಟ್ಟಿರುವುದು, ಮುಚ್ಚಳದ ಸೀಲ್ ಹರಿದಿರುವುದು ಇವೂ ಬಿಸಿಗೆ ಕಾರಣ. ಮೊದಲು ಇವನ್ನು ನೋಡಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬೇಡಿ. ಒತ್ತಡದಲ್ಲಿರುವ ನೀರು ಚಿಮ್ಮಿ ಮುಖ, ಕೈ ಸುಡುತ್ತದೆ.

ಹೊಸದನ್ನು ಆರಿಸುವಾಗ

1986ರಲ್ಲಿ ಬಂದ ಟಾಟಾ 407ರಂತಹ ಲಾರಿಗಳು ವರ್ಷಗಟ್ಟಲೆ ಓಡುತ್ತಿದ್ದು, ಅನೇಕ ಕೈ ಬದಲಾಗಿರುತ್ತವೆ. ಒಂದೇ ಹೆಸರಿನ ಲಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಎಂಜಿನ್ ಬಂದಿರುವುದೂ ಉಂಟು. ಆದ್ದರಿಂದ ಅಂಗಡಿಯಲ್ಲಿ ಲಾರಿಯ ಹೆಸರು ಹೇಳಿದರೆ ಸಾಲದು. ಈ ಅಂಶಗಳನ್ನು ಗಮನಿಸಿ.

1. ಉಷ್ಣತೆಯ ಅಂಕಿ: ಹಳೆಯದರ ಮೇಲೆ 71, 77, 82, 88 ಹೀಗೆ ಒಂದು ಅಂಕಿ ಒತ್ತಿರುತ್ತದೆ. ಅದು ತೆರೆಯಲಾರಂಭಿಸುವ ಉಷ್ಣತೆ. 160, 180 ಎಂದಿದ್ದರೆ ಅದು ಫ್ಯಾರನ್‌ಹೀಟ್ ಲೆಕ್ಕ. ಕ್ರಮವಾಗಿ 71 ಮತ್ತು 82 ಡಿಗ್ರಿ ಸೆಂಟಿಗ್ರೇಡಿಗೆ ಸಮ. ಆದರೆ ಹಳೆಯದೇ ತಪ್ಪಾದುದಾಗಿರಬಹುದು. ಎಂಜಿನ್ ನಂಬರ್ ಬರೆದುಕೊಂಡು ಹೋಗಿ, ಕಂಪನಿಯ ಬಿಡಿಭಾಗಗಳ ಪುಸ್ತಕದಲ್ಲಿ ತಾಳೆ ನೋಡಿಸಿ.

2. ಕಡಿಮೆ ಅಂಕಿಯ ಆಸೆ ಬೇಡ: “88ರ ಬದಲು 71 ಹಾಕಿದರೆ ಎಂಜಿನ್ ತಂಪಾಗಿರುತ್ತದೆ” ಎನ್ನುವವರಿದ್ದಾರೆ. ಥರ್ಮೋಸ್ಟಾಟ್ ನಿರ್ಧರಿಸುವುದು ಎಂಜಿನ್ ಎಷ್ಟಕ್ಕಿಂತ ತಣ್ಣಗಾಗಬಾರದು ಎಂಬುದನ್ನು. ಎಷ್ಟಕ್ಕಿಂತ ಬಿಸಿಯಾಗಬಾರದು ಎಂಬುದು ರೇಡಿಯೇಟರ್, ಫ್ಯಾನ್ ಮತ್ತು ಪಂಪಿನ ಕೆಲಸ. ಕಿಟ್ಟ ಕಟ್ಟಿದ ರೇಡಿಯೇಟರಿಗೆ ಯಾವ ಅಂಕಿಯ ಥರ್ಮೋಸ್ಟಾಟ್ ಹಾಕಿದರೂ ಏರಿನಲ್ಲಿ ಬಿಸಿಯಾಗುವುದು ತಪ್ಪದು.

3. ಬೈಪಾಸ್ ತಟ್ಟೆ: ಹಳೆಯದರಲ್ಲಿ ಕೆಳಗಡೆ ಎರಡನೆಯ ತಟ್ಟೆ ಇದ್ದರೆ ಹೊಸದರಲ್ಲೂ ಇರಲೇಬೇಕು. ಒಟ್ಟು ಎತ್ತರವೂ ಒಂದೇ ಇರಬೇಕು. ಗಿಡ್ಡವಾದರೆ ಬೈಪಾಸ್ ಮುಚ್ಚುವುದಿಲ್ಲ.

4. ಅಗಲ ಮತ್ತು ಅಂಚು: ಅಂಚಿನ ವ್ಯಾಸ, ದಪ್ಪ ಎರಡೂ ಹೊಂದಬೇಕು. ಅಂಚು ದಪ್ಪವಾದರೆ ಬೋಲ್ಟ್ ಬಿಗಿಯುವಾಗ ಮೇಲಿನ ಮುಚ್ಚಳ ಸೀಳುತ್ತದೆ. ತೆಳುವಾದರೆ ಪಕ್ಕದಿಂದ ನೀರು ನುಸುಳುತ್ತದೆ.

5. ಗಾಳಿ ಹೊರಹೋಗುವ ರಂಧ್ರ: ಅಂಚಿನಲ್ಲಿ ಅಲುಗಾಡುವ ಪಿನ್ನು ಇರುವ ಸಣ್ಣ ರಂಧ್ರವನ್ನು ನೋಡಿ. ಮೊದಲಿನದರಲ್ಲಿ ಅದಿದ್ದರೆ ಹೊಸದರಲ್ಲೂ ಬೇಕು.

ಒಲೆಯ ಮೇಲೆ ಪರೀಕ್ಷೆ

ಹೊಸದನ್ನೂ ಜೋಡಿಸುವ ಮೊದಲು ಪರೀಕ್ಷಿಸಿ. ಹಾಲಿಗೆ ಬಳಸದ ಒಂದು ಪಾತ್ರೆಯಲ್ಲಿ ನೀರು ತುಂಬಿ, ಥರ್ಮೋಸ್ಟಾಟನ್ನು ತಂತಿಯಿಂದ ತಳಕ್ಕೆ ತಾಗದಂತೆ ತೂಗುಬಿಡಿ. ಜೊತೆಗೆ 110 ಡಿಗ್ರಿವರೆಗೆ ಅಳೆಯುವ ಥರ್ಮಾಮೀಟರ್ ಇಡಿ. ದನದ ಜ್ವರ ನೋಡುವ ಥರ್ಮಾಮೀಟರನ್ನು ಹಾಕಬೇಡಿ. ಕುದಿನೀರಿನಲ್ಲಿ ಅದು ಒಡೆಯುತ್ತದೆ. ನಿಧಾನವಾಗಿ ಕಾಯಿಸುತ್ತಾ ಬಾಗಿಲು ಯಾವಾಗ ಬಿರಿಯುತ್ತದೆಂದು ನೋಡಿ. ಒತ್ತಿದ ಅಂಕಿಗಿಂತ ಒಂದೆರಡು ಡಿಗ್ರಿ ಹಿಂದೆ ಮುಂದೆ ಆದರೆ ಚಿಂತೆಯಿಲ್ಲ. ನೀರು ಆರಿದಾಗ ಅದು ಪೂರ್ತಿ ಮುಚ್ಚಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ. ನೀರು 100 ಡಿಗ್ರಿಗೆ ಕುದಿಯುವುದು ಸಮುದ್ರ ಮಟ್ಟದಲ್ಲಿ. ಬೆಂಗಳೂರು, ಕೋಲಾರದಂತಹ 800–900 ಮೀಟರ್ ಎತ್ತರದ ಪ್ರದೇಶದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿದು, ಅದಕ್ಕಿಂತ ಮೇಲೇರುವುದಿಲ್ಲ. 88 ಅಂಕಿಯದು ಪೂರ್ತಿ ತೆರೆಯಲು ಇಷ್ಟು ಬಿಸಿ ಸಾಲದು. ಆದ್ದರಿಂದ ಅರ್ಧಕ್ಕಿಂತ ಹೆಚ್ಚು ತೆರೆದು ನಿಂತರೆ ಅದು ಕೆಟ್ಟದ್ದೆಂದು ಅಂಗಡಿಗೆ ಹಿಂದಿರುಗಿಸಬೇಡಿ. ಸ್ವಲ್ಪವೂ ತೆರೆಯದಿದ್ದರೆ ಮಾತ್ರ ಬೇಡವೆನ್ನಿ.

ಜೋಡಣೆ ಮತ್ತು ನೀರು

ಎಂಜಿನ್ ಪೂರ್ತಿ ಆರಿದ ಮೇಲೆ ಕೆಲಸಕ್ಕೆ ಕೈಹಾಕಿ. ಕೂರುವ ಜಾಗದ ಹಳೆಯ ಗ್ಯಾಸ್ಕೆಟ್ ಕೆರೆದು ಶುಚಿ ಮಾಡಿ, ಹೊಸ ಗ್ಯಾಸ್ಕೆಟ್ ಹಾಕಿ. ಮೇಣದ ಗುಂಡು ಎಂಜಿನ್ ಕಡೆಗಿರಬೇಕು. ಥರ್ಮೋಸ್ಟಾಟ್ ಅಡ್ಡ ಕೂರುವಂತಿದ್ದರೆ ಗಾಳಿಯ ರಂಧ್ರ ಮೇಲ್ತುದಿಗೆ ಬರಬೇಕು. ನೀರನ್ನು ನಿಧಾನವಾಗಿ ತುಂಬಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ, ಆರಿದ ಮೇಲೆ ಮಟ್ಟ ನೋಡಿ ಮತ್ತೆ ಭರ್ತಿ ಮಾಡಿ. ಮಾರನೆಯ ದಿನ ಮಾರ್ಗಕ್ಕೆ ಹೊರಡುವ ಮುನ್ನ ಇನ್ನೊಮ್ಮೆ ನೋಡಿ.

ಕೊಳವೆ ಬಾವಿಯ ಗಡಸು ನೀರು ಬೇಡ. ಅದರ ಸುಣ್ಣದಂಶ ರೇಡಿಯೇಟರಿನಲ್ಲೂ ಥರ್ಮೋಸ್ಟಾಟಿನ ಮೇಲೂ ಕಿಟ್ಟ ಕಟ್ಟಿ, ಹೊಸದನ್ನೂ ಬೇಗ ಜಾಮ್ ಮಾಡುತ್ತದೆ. ಭಟ್ಟಿ ಇಳಿಸಿದ ನೀರಿನೊಂದಿಗೆ ಕೂಲಂಟನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕಿ.

ಹಸು ಕಟ್ಟುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಸಾಮಾನ್ಯ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ರೇಡಿಯೇಟರಿನಿಂದ ಇಳಿಸಿದ ನೀರನ್ನು ಅಂಗಳಕ್ಕೆ ಬಿಟ್ಟರೆ ಕರುಗಳು, ನಾಯಿಗಳು ನೆಕ್ಕುತ್ತವೆ. ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಅದನ್ನು ಮುಚ್ಚಳವಿರುವ ಡಬ್ಬದಲ್ಲಿ ಹಿಡಿದು, ಮಕ್ಕಳಿಗೂ ದನಗಳಿಗೂ ಸಿಗದಂತೆ ಇಡಿ. ಚರಂಡಿಗೆ, ಕೆರೆಗೆ ಸುರಿಯಬೇಡಿ. ಹಾಲಿನ ಕ್ಯಾನನ್ನಾಗಲಿ, ಹಾಲು ಅಳೆಯುವ ಪಾತ್ರೆಯನ್ನಾಗಲಿ ರೇಡಿಯೇಟರ್ ನೀರಿಗೆ ಎಂದೂ ಬಳಸಬೇಡಿ. ಜಾನುವಾರು ಕುಡಿದ ಅನುಮಾನ ಬಂದರೆ ಕೂಡಲೇ ಪಶುವೈದ್ಯರನ್ನು ಕರೆಸಿ.

ಸಂಘದ ಆಡಳಿತ ಮಂಡಳಿಯವರೂ ಮಾರ್ಗದ ವಾಹನ ಗೊತ್ತು ಮಾಡುವಾಗ ಟೈರು, ಬ್ರೇಕು ನೋಡಿದಂತೆ ಉಷ್ಣತೆಯ ಮುಳ್ಳು ಕೆಲಸ ಮಾಡುತ್ತಿದೆಯೇ, ಥರ್ಮೋಸ್ಟಾಟ್ ಇದೆಯೇ ಎಂದು ಒಂದು ಮಾತು ಕೇಳಬೇಕು. ಎಂಜಿನ್ ಬಿಚ್ಚುವ ಖರ್ಚಿನ ಮುಂದೆ ಈ ಭಾಗದ ಬೆಲೆ ಬಹಳ ಸಣ್ಣದು. ಅಂಕಿ, ಅಳತೆ, ತಟ್ಟೆ ಮೂರನ್ನೂ ತಾಳೆ ನೋಡಿ ಕೊಂಡರೆ ಲಾರಿ ಹೊತ್ತಿಗೆ ಸರಿಯಾಗಿ ತಲುಪುತ್ತದೆ, ನಿಮ್ಮ ಹಾಲೂ ಕೆಡದೆ ಉಳಿಯುತ್ತದೆ.