ಓಡದ ದಿನ ಏನು ಮಾಡಬೇಕು? – ದೈಹಿಕ ಶಿಕ್ಷಣದ ಒಂದು ಪಾಠ

ತರಗತಿ: 9
ಕಲಿಕಾಂಶ: ಮೊದಲ ಬಾರಿಗೆ 1500 ಮೀಟರ್ ಓಡುವವರಿಗೆ ಪೂರಕ ವ್ಯಾಯಾಮ (ಕ್ರಾಸ್ ಟ್ರೈನಿಂಗ್)
ಅವಧಿ: 40 ನಿಮಿಷ, ಬಳಿಕ ಆರು ವಾರಗಳ ಅನುಸರಣೆ
ಸಾಮಗ್ರಿ: ಸೈಕಲ್, ಸ್ಕಿಪ್ಪಿಂಗ್ ಹಗ್ಗ, ಏಳು ದಿನಗಳ ಪಟ್ಟಿ

ಪಾಠದ ಅಗತ್ಯ

ತಾಲ್ಲೂಕು ಕ್ರೀಡಾಕೂಟಕ್ಕೆ ಹೆಸರು ಕೊಟ್ಟ ಮಕ್ಕಳು ಮರುದಿನದಿಂದಲೇ ಪ್ರತಿದಿನ ಓಡತೊಡಗುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಕೆಲವರು ಮೊಣಕಾಲ ಕೆಳಗಿನ ಮೂಳೆ ಹಿಡಿದುಕೊಂಡು ಕೂರುತ್ತಾರೆ, ಹೆಸರು ವಾಪಸ್ ಪಡೆಯುತ್ತಾರೆ. ಇದಕ್ಕೆ ಅವರ ಸೋಮಾರಿತನ ಕಾರಣವಲ್ಲ. ಗುಂಡಿಗೆ ಮತ್ತು ಉಸಿರು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗುತ್ತವೆ. ಮೂಳೆ, ಸ್ನಾಯುರಜ್ಜುಗಳು ಒಗ್ಗಲು ತಿಂಗಳುಗಳೇ ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು–ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಆದ್ದರಿಂದ ಓಟದ ನಡುವಿನ ದಿನಗಳಲ್ಲಿ ಗುಂಡಿಗೆಗೆ ಕೆಲಸ ಕೊಟ್ಟು ಕಾಲಿಗೆ ಬಿಡುವು ಕೊಡುವ ವ್ಯಾಯಾಮ ಬೇಕು.

ಇದು ನಮಗೆ ಹೊಸದೇನಲ್ಲ. ಗರಡಿಮನೆಯ ಪೈಲ್ವಾನರು ದಿನವಿಡೀ ಕುಸ್ತಿಯನ್ನೇ ಆಡುವುದಿಲ್ಲ. ದಂಡ, ಬಸ್ಕಿ ಹೊಡೆಯುತ್ತಾರೆ, ಗರಡಿಯ ಮಣ್ಣು ಅಗೆಯುತ್ತಾರೆ. ಮಕ್ಕಳಿಗೆ ಈ ಉದಾಹರಣೆ ಬೇಗ ಹಿಡಿಸಿತು.

ಪಾಠ ನಡೆದ ಬಗೆ

ಪೀಠಿಕೆಯಲ್ಲಿ ಒಂದೇ ಪ್ರಶ್ನೆ ಕೇಳಿದೆ: "ವಾರದಲ್ಲಿ ಎಷ್ಟು ದಿನ ಓಡಬೇಕು?" ಎಲ್ಲರೂ "ಏಳು" ಎಂದರು. ಮೂರು ದಿನ ಸಾಕು ಎಂದಾಗ ಹಿಂದಿನ ಸಾಲಿನಿಂದ, "ಓಡ್ದೆ ಇದ್ರೆ ದಮ್ಮು ಎಲ್ಲಿಂದ ಬತ್ತದೆ ಸಾ?" ಎಂಬ ಪ್ರಶ್ನೆ ಬಂತು. ಉತ್ತರವನ್ನು ಬಾಯಲ್ಲಿ ಹೇಳದೆ, ಇಬ್ಬರನ್ನು ಮೈದಾನದ ಸುತ್ತ ಓಡಿಸಿ, ಇಬ್ಬರಿಗೆ ಜೋರಾಗಿ ಸೈಕಲ್ ತುಳಿಯಲು ಹೇಳಿದೆ. ಐದು ನಿಮಿಷದ ಬಳಿಕ ನಾಲ್ವರ ನಾಡಿಯನ್ನೂ ಗೆಳೆಯರೇ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರು. ಸೈಕಲ್ ತುಳಿದವರ ನಾಡಿಯೂ ಏರಿತ್ತು, ಉಸಿರೂ ಏರಿತ್ತು. "ಗುಂಡಿಗೆ ಎರಡರಲ್ಲೂ ದುಡೀತದೆ, ಕಾಲಿಗೆ ಒಂದರಲ್ಲೇ ಏಟು" ಎಂದು ಮಕ್ಕಳೇ ತೀರ್ಮಾನಿಸಿದರು.

ಮುಂದೆ ಪ್ರತಿ ಚಟುವಟಿಕೆಗೂ ಎರಡು ಪ್ರಶ್ನೆ ಹಾಕಿದೆವು: ಏದುಸಿರು ಬಂತೇ? ಕಾಲಿಗೆ ಬಡಿತ ಬಿತ್ತೇ? ಸೈಕಲ್ಲಿನಲ್ಲಿ ಏದುಸಿರು ಉಂಟು, ಬಡಿತ ಇಲ್ಲ. ಹಗ್ಗದಾಟದಲ್ಲಿ ಎರಡೂ ಉಂಟು. ಆದ್ದರಿಂದ ಕಾಲು ನೋಯುವವರಿಗೆ ಅದು ಬೇಡ. ಮೆಟ್ಟಿಲು ಹತ್ತುವಾಗ ಬಡಿತ ಕಡಿಮೆ, ಇಳಿಯುವಾಗ ಮಂಡಿಗೆ ಹೊರೆ ಹೆಚ್ಚು. ಹತ್ತುವುದು ಬಿರುಸಾಗಿ, ಇಳಿಯುವುದು ನಿಧಾನ. ಬಸ್ಕಿಯನ್ನು ಮಕ್ಕಳು ಶಿಕ್ಷೆ ಎಂದೇ ತಿಳಿದಿದ್ದರು. ನಾನೂ ಅವರ ಜೊತೆ ಹತ್ತು ಬಸ್ಕಿ ಹೊಡೆದ ಮೇಲೆ ಆ ನಗು ನಿಂತಿತು.

ವಾರದ ಯೋಜನೆ

ಸೋಮ, ಬುಧ, ಶುಕ್ರ: ಮೂರು ನಿಮಿಷ ನಿಧಾನ ಓಟ, ಒಂದು ನಿಮಿಷ ನಡಿಗೆ, ಒಟ್ಟು 20 ನಿಮಿಷ. ಓಡುತ್ತಲೇ ಒಂದು ಪೂರ್ಣ ವಾಕ್ಯ ಮಾತಾಡಲು ಬರಬೇಕು.
ಮಂಗಳ: ಸೈಕಲ್, 30 ನಿಮಿಷ.
ಗುರು: ಬಸ್ಕಿ, ತುದಿಗಾಲಲ್ಲಿ ನಿಂತು ಹಿಮ್ಮಡಿ ಎತ್ತುವುದು, ತಲಾ ಹತ್ತರಂತೆ ಎರಡು ಸುತ್ತು, ಕೊನೆಗೆ ಸೂರ್ಯನಮಸ್ಕಾರ.
ಶನಿ: ಸೈಕಲ್ ಅಥವಾ ಬಿರುಸು ನಡಿಗೆ.
ಭಾನು: ವಿಶ್ರಾಂತಿ.

ಕೊನೆಯ ವಾರ ಎಲ್ಲವೂ ಅರ್ಧ. ಪೂರಕ ವ್ಯಾಯಾಮ ಎಷ್ಟೇ ಮಾಡಿದರೂ ಮೂರು ದಿನದ ಓಟ ಬಿಡುವಂತಿಲ್ಲ. ಓಟದ ಅಭ್ಯಾಸ ಓಟದಿಂದಲೇ ಬರಬೇಕು.

ಮೂರು ಶಾಲೆ, ಮೂರು ಬದಲಾವಣೆ

ಇದೇ ಪಾಠವನ್ನು ಮಂಡ್ಯ ನಗರ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ತಲಾ ಒಂದು ಶಾಲೆಯಲ್ಲಿ ಮಾಡಿದೆ. ನಗರದ ಶಾಲೆಯಲ್ಲಿ ಮೈದಾನ ಚಿಕ್ಕದು, ಮಹಡಿ ಇತ್ತು; ಅಲ್ಲಿ ಸೈಕಲ್ಲಿನ ಬದಲು ಮೆಟ್ಟಿಲು ಬಳಸಿದೆವು.

ಮದ್ದೂರಿನ ಶಾಲೆಯಲ್ಲಿ ಒಬ್ಬ ಹುಡುಗ, "ಈಜೋದೂ ಲೆಕ್ಕವಾ ಸಾ?" ಎಂದ. ಈಜು ಒಳ್ಳೆಯ ಪೂರಕ ವ್ಯಾಯಾಮ ಎಂದು ಪುಸ್ತಕಗಳು ಹೇಳುತ್ತವೆ. ಆ ಹುಡುಗನ ಮನಸ್ಸಿನಲ್ಲಿದ್ದುದು ವಿಶ್ವೇಶ್ವರಯ್ಯ ನಾಲೆ. ಇಳಿಜಾರಿನ ನುಣುಪು ದಂಡೆ, ನೀರಿನ ಸೆಳವು. ಇಳಿದವರಿಗೆ ಹತ್ತಲು ಹಿಡಿತ ಸಿಗುವುದಿಲ್ಲ. "ನಾಲೆ, ಕೆರೆ, ಹೊಳೆಯಲ್ಲಿ ಈಜು ಈ ಪಟ್ಟಿಯಲ್ಲಿಲ್ಲ" ಎಂದು ಕಪ್ಪುಹಲಗೆಯ ಮೇಲೆ ಬರೆಸಿದೆ. ನಮ್ಮ ಜಿಲ್ಲೆಯಲ್ಲಿ ಈ ಪಾಠ ಮಾಡುವವರು ಈ ಮಾತನ್ನು ಬಿಡಬಾರದು.

ಮಳವಳ್ಳಿಯಲ್ಲಿ ಪಟ್ಟಿಯೇ ನನಗೆ ಪಾಠವಾಯಿತು. ಒಬ್ಬಳು ಹುಡುಗಿ ಮೊಣಕಾಲ ಕೆಳಗೆ ನೋವು ಎಂದು ಹೆಸರು ತೆಗೆಯಲು ಬಂದಳು. ಯೋಜನೆಯನ್ನು ತಪ್ಪದೆ ಪಾಲಿಸಿದ್ದಳು. ಶಾಲೆಯ ಹೊರಗಿನ ಕೆಲಸವನ್ನೂ ಪಟ್ಟಿಗೆ ಬರೆಸಿದಾಗ ವಿಷಯ ತಿಳಿಯಿತು: ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ ಎದ್ದಿತ್ತು. ಆ ದಿನಗಳಲ್ಲಿ ಹುಳು ಮೇಯುವುದೇ ಹೆಚ್ಚು. ಬೆಳಿಗ್ಗೆ, ಸಂಜೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರೆ ಹೊತ್ತು ತರುತ್ತಿದ್ದಳು. ಅವಳ ವಾರದಲ್ಲಿ ವಿಶ್ರಾಂತಿಯ ದಿನವೇ ಇರಲಿಲ್ಲ. ನಡೆಯುವಾಗಲೂ ನೋವಿದ್ದರೆ, ಮೂಳೆಯ ಒಂದೇ ಜಾಗ ಒತ್ತಿದಾಗ ನೋವು ಬಂದರೆ ವೈದ್ಯರಿಗೆ ತೋರಿಸಬೇಕು. ಮೊದಲು ಅದನ್ನು ಮಾಡಿಸಿದೆವು. ಮೂಳೆಗೆ ತೊಂದರೆಯಿಲ್ಲ, ಬಿಡುವು ಕೊಡಿ ಎಂದರು. ಹುಳು ಹಣ್ಣಾಗುವವರೆಗೆ ಓಟ ನಿಲ್ಲಿಸಿ, ಸೊಪ್ಪಿನ ಕೆಲಸವನ್ನೇ ಅವಳ ಪೂರಕ ವ್ಯಾಯಾಮ ಎಂದು ಬರೆದೆವು. ಆಮೇಲೆ ಒಂದು ವಾರ ಸೈಕಲ್, ಅದರ ಬಳಿಕ ಓಟ–ನಡಿಗೆ. ಕೂಟದಲ್ಲಿ ಅವಳಿಗೆ ಸ್ಥಾನ ಬರಲಿಲ್ಲ. 1500 ಮೀಟರ್ ನಿಲ್ಲದೆ ಮುಗಿಸಿದಳು.

ಮೌಲ್ಯಮಾಪನ

1. ಕಾಲಿಗೆ ಬಡಿತವಿಲ್ಲದೆ ಏದುಸಿರು ತರುವ ಎರಡು ಚಟುವಟಿಕೆ ಹೆಸರಿಸು.
2. ಕಾಲು ನೋಯುವ ದಿನ ಹಗ್ಗದಾಟ ಏಕೆ ಬೇಡ?
3. ಮನೆಯ ಕೆಲಸವನ್ನೂ ಸೇರಿಸಿ ನಿನ್ನ ಮುಂದಿನ ವಾರದ ಪಟ್ಟಿ ತಯಾರಿಸು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಮೂರನೇ ಪ್ರಶ್ನೆಯನ್ನು ಕೊನೆಗೆ ಕೇಳುವುದಕ್ಕಿಂತ ಪಾಠದ ಆರಂಭದಲ್ಲೇ ಕೇಳುವುದು ಮೇಲು. ಕಬ್ಬಿನ ಗದ್ದೆ, ಸೊಪ್ಪಿನ ತೋಟ, ನೀರಿನ ಕೊಡ, ಶಾಲೆಗೆ ಬರುವ ದಾರಿಯ ದೂರ ಇವೆಲ್ಲ ಮಗುವಿನ ಕಾಲು ಆಗಲೇ ಮಾಡಿರುವ ಕೆಲಸ. ಅವನ್ನು ಲೆಕ್ಕಕ್ಕೆ ಹಿಡಿದ ಮೇಲೆ ಉಳಿಯುವ ಜಾಗದಲ್ಲಿ ಮಾತ್ರ ನಮ್ಮ ಯೋಜನೆ ಕೂರಬೇಕು. ಪಟ್ಟಿಯನ್ನು ಪ್ರತಿ ಸೋಮವಾರ ನೋಡಿ, ಮನೆಯಲ್ಲಿ ಕೆಲಸ ಹೆಚ್ಚಾದ ವಾರ ಮೊದಲು ಓಟವನ್ನು ಕಡಿಮೆ ಮಾಡಿ.