ಅಮ್ಮನಿಗೆ 30ಕ್ಕೆ 21: ಇದು ಮರೆವಿನ ಕಾಯಿಲೆಯೇ?

ಪ್ರಶ್ನೆ: ನಮ್ಮ ತಾಯಿಗೆ 76 ವರ್ಷ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವರು. ಈಚೆಗೆ ಹೆಸರುಗಳು ಬೇಗ ಬಾಯಿಗೆ ಬರುತ್ತಿಲ್ಲವೆಂದು ತೋರಿಸಲು ಹೋದೆವು. ಎಂಎಂಎಸ್‌ಇ ಎಂಬ ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 21 ಬಂತು. 24ಕ್ಕಿಂತ ಕಡಿಮೆಯಾದರೆ ಮರೆವಿನ ಕಾಯಿಲೆ ಎಂದರು. ಅಂದಿನಿಂದ ಅಮ್ಮ ಮಂಕಾಗಿದ್ದಾರೆ. ಏನು ಮಾಡಲಿ?
– ಓದುಗರು, ಹಾವೇರಿ

ಉತ್ತರ: ಮೊದಲು ಅಮ್ಮನ ಪಕ್ಕ ಕೂತು, ಇದೊಂದು ಅಂಕದಿಂದ ಯಾವ ಕಾಯಿಲೆಯೂ ತೀರ್ಮಾನವಾಗುವುದಿಲ್ಲ ಎಂದು ಹೇಳಿ. ಅವರಿಗೆ ಈಗ ಬೇಕಿರುವುದು ಆ ಮಾತು.

ಎಂಎಂಎಸ್‌ಇ 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆ. ಅದರಲ್ಲಿ ನೂರರಿಂದ ಏಳೇಳು ಕಳೆಯುತ್ತಾ ಹೋಗಲು 5 ಅಂಕ. ಬರೆದದ್ದನ್ನು ಓದಿ ಅದರಂತೆ ಮಾಡಲು 1, ತಾವೇ ಒಂದು ವಾಕ್ಯ ಬರೆಯಲು 1, ಹೆಣೆದುಕೊಂಡ ಎರಡು ಪಂಚಭುಜ ನೋಡಿ ಬಿಡಿಸಲು 1. ಹೀಗೆ 8 ಅಂಕಗಳಿಗೆ ಶಾಲೆಯ ರೂಢಿ ಬೇಕು. ಸಂತೆಯಲ್ಲಿ ಚಿಲ್ಲರೆ ಲೆಕ್ಕ ಒಂದು ರೂಪಾಯಿ ತಪ್ಪದ ಅಜ್ಜಿಯರು ಈ ಏಳರ ಕಳೆಯುವಿಕೆಯ ಮುಂದೆ ಕೈಚೆಲ್ಲುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರನ್ನು ರೋಗಿಗಳೆಂದು ಕರೆಯುವುದು ಅನ್ಯಾಯ.

1993ರಲ್ಲಿ ಅಮೆರಿಕದಲ್ಲೇ 18 ಸಾವಿರಕ್ಕೂ ಹೆಚ್ಚು ಜನರ ಅಂಕಗಳನ್ನು ವಯಸ್ಸು, ಓದಿನ ಪ್ರಕಾರ ವಿಂಗಡಿಸಿ ಪ್ರಕಟಿಸಿದರು. ಒಂಬತ್ತು ವರ್ಷ ಅಥವಾ ಹೆಚ್ಚು ಓದಿದವರ ನಡುಮಧ್ಯದ ಅಂಕ 29. ನಾಲ್ಕು ವರ್ಷದೊಳಗೆ ಓದು ನಿಂತವರದು 22. ವಯಸ್ಸೂ ಅಂಕ ಇಳಿಸುತ್ತದೆ: 80 ದಾಟಿದವರಲ್ಲಿ ಅದು 25. ನಮ್ಮ ಊರಿನವರಿಗೆ ಆ ಪಟ್ಟಿ ನೇರವಾಗಿ ಹೊಂದದು. ಆದರೂ ಎಲ್ಲರಿಗೂ 24ರ ಒಂದೇ ಗೆರೆ ಎಳೆಯುವುದು ತಪ್ಪೆಂದು ತೋರಿಸಲು ಅಷ್ಟು ಸಾಕು. ಓದುಬರಹ ಇಲ್ಲದವರಿಗಾಗಿ ಇದನ್ನೇ ಬದಲಿಸಿ, ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಹಿಂದಿಯ ಪರೀಕ್ಷೆ ರೂಪಿಸಿದರು. ಅಲ್ಲಿ ಏಳರ ಲೆಕ್ಕದ ಬದಲು ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸುತ್ತಾರೆ. ಐಸಿಎಂಆರ್ ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ನಿಮ್ಮ ವೈದ್ಯರನ್ನು ಕೇಳಿ.

ಇದಕ್ಕೆ ಇನ್ನೊಂದು ಮುಖವೂ ಉಂಟು. ನಿವೃತ್ತ ಮೇಷ್ಟ್ರೊಬ್ಬರು 27 ಅಂಕ ತೆಗೆದರೂ, ನಲವತ್ತು ವರ್ಷ ನಡೆದ ಬೀದಿಯಲ್ಲಿ ಮನೆ ಹುಡುಕುತ್ತಿದ್ದರೆ ನನಗೆ ಅವರದೇ ಹೆಚ್ಚು ಚಿಂತೆ. ‘ವಯಸ್ಸಾಯ್ತು, ಬಿಡಿ’ ಎಂದು ಯಾರನ್ನೂ ಕೈಬಿಡಬಾರದು.

ಹಾಗಾಗಿ ಅಂಕಕ್ಕಿಂತ ಅಮ್ಮ ಒಂದು ವರ್ಷದ ಹಿಂದೆ ಹೇಗಿದ್ದರು ಎಂಬುದನ್ನು ನೆನೆಸಿಕೊಳ್ಳಿ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರೆಯೇ? ಹೇಳಿದ್ದನ್ನೇ ಐದು ನಿಮಿಷಕ್ಕೆ ಮತ್ತೆ ಹೇಳುತ್ತಾರೆಯೇ? ಮಾತ್ರೆ ನುಂಗಿದ್ದು ಮರೆಯುತ್ತಾರೆಯೇ? ಉತ್ತರ ಹೌದಾದರೆ ನರರೋಗ ತಜ್ಞರಿಗೆ ತೋರಿಸಿ. ಏನೇ ಇರಲಿ, ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ, ನಿದ್ದೆ ಮಾತ್ರೆ ತಗೊಳ್ಳುತ್ತಿದ್ದರೆ ತಿಳಿಸಿ, ಈಗಿನ ಮಂಕುತನವನ್ನೂ ಮುಚ್ಚಿಡದೆ ಹೇಳಿ. ಖಿನ್ನತೆಯೂ ನೆನಪನ್ನು ಕುಗ್ಗಿಸುತ್ತದೆ.

ಮತ್ತೆ ಪರೀಕ್ಷೆಗೆ ಕರೆದೊಯ್ಯುವಾಗ ಕನ್ನಡಕ ಮರೆಯಬೇಡಿ, ಕಿವಿ ಮಂದವಿದ್ದರೆ ಮೊದಲೇ ಹೇಳಿ. ಪ್ರಶ್ನೆಗಳು ಅಮ್ಮನ ಮನೆಮಾತಿನಲ್ಲೇ ಇರಲಿ. ಎಷ್ಟು ವರ್ಷ ಶಾಲೆಗೆ ಹೋಗಿದ್ದರು ಎಂಬುದನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.